ನಾಲ್ಕನೇ ಜ್ವರ

ಬಲಗಾಲಿನ ಮುಂಗಾಲ ಮೂಳೆಯಲ್ಲಿ
ಕೂದಲೆಳೆಯಷ್ಟು ಗೆರೆ.
ಚಿಕ್ಕಬಳ್ಳಾಪುರದ ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು
ಪೆನ್ನಿನ ತುದಿಯಿಂದ ತೋರಿಸಿದರು.
ನನಗೆ ಕಾಣಲಿಲ್ಲ. ಕಂಡಿತು ಅಂದೆ.
“ಎಷ್ಟು ದಿನದಿಂದ ನೋವು?”
ನಾಲ್ಕು ದಿನ ಅಂದೆ. ಹತ್ತೊಂಬತ್ತಾಗಿತ್ತು.
ಆರು ವಾರ ಓಡೋ ಹಾಗಿಲ್ಲ ಅಂದರು,
ಆರು ರೂಪಾಯಿ ಚಿಲ್ಲರೆ ಕೊಟ್ಟಷ್ಟು ಸಲೀಸಾಗಿ.

ಫೆಬ್ರವರಿಯ ಓಟಕ್ಕೆ ಕಟ್ಟಿದ ಎಂಟುನೂರು
ವಾಪಸ್ಸು ಬರುವುದಿಲ್ಲವಂತೆ.

ನಾಲ್ಕೂವರೆಗೆ ಎಚ್ಚರವಾಗುತ್ತದೆ ಈಗಲೂ.
ಅಲಾರಂ ಬೇಕಿಲ್ಲ. ಹೊದಿಕೆಯೊಳಗೆ ಕಾಲು ತಾನಾಗಿ
ಗೂಟಕ್ಕೆ ಕಟ್ಟಿದ ಕರುವಿನ ಹಾಗೆ ಜಗ್ಗುತ್ತದೆ.
ಬಾಗಿಲ ಮುಂದೆ ತಸ್ಲೀಮಾಳ ಸೈಕಲ್ ಚೈನಿನ ಸದ್ದು
ಒಂದು ಗಳಿಗೆ ನಿಧಾನವಾಗಿ, ಮುಂದಕ್ಕೆ ಹೋಗುತ್ತದೆ.
ಅವಳಪ್ಪ ರೀಲಿಂಗ್ ಘಟಕದಲ್ಲಿ ನೀರು ಕಾಯಿಸುವ ಹೊತ್ತಿಗೆ
ಕೊರಳಿಗೆ ವಾಚು ನೇತುಹಾಕಿಕೊಂಡು ನನ್ನ ಪಕ್ಕ ತುಳಿಯುತ್ತಾ
ವಿಜಯಪುರದ ರಸ್ತೆಯ ಒಂದೊಂದು ಕಲ್ಲಿಗೂ ಕೂಗುತ್ತಿದ್ದವಳು:
“ಐದು ಹತ್ತು! ಐದು ಎಂಟು! ಅಕ್ಕಾ, ಭುಜ ಸಡಿಲ ಬಿಡು!”
ಈಗ ಯಾರ ಹೊತ್ತನ್ನು ಅಳೆಯುತ್ತಾಳೋ. ಕೇಳಿಲ್ಲ.

ಚಿಕ್ಕಮ್ಮನ ಹುಳುಮನೆಯಲ್ಲಿ,
ತೌಡಿನ ಮೂಟೆಯ ಮೇಲೆ ಕಾಲು ಚಾಚಿ,
ಸೊಪ್ಪು ಕತ್ತರಿಸುತ್ತೇನೆ. ಕೂತು ಮಾಡುವ ಕೆಲಸ.
ಕತ್ತಿಯ ಏಟನ್ನೂ ಎಣಿಸುವ ಚಾಳಿ ಬಿಟ್ಟಿಲ್ಲ.
ನಿಮಿಷಕ್ಕೆ ನೂರ ಎಂಬತ್ತು ಹೆಜ್ಜೆ ನನ್ನದು;
ಕತ್ತಿ ಅರವತ್ತು ದಾಟುವುದಿಲ್ಲ.

ಲೆಕ್ಕದ ಪುಸ್ತಕದಲ್ಲಿ:
ಸೋಮವಾರ ಹದಿನಾಲ್ಕು, ಮಂಗಳವಾರ ಎಂಟು,
ಭಾನುವಾರ ಮೂವತ್ತೆರಡು.
ಆಮೇಲೆ ಸೊನ್ನೆ. ಸೊನ್ನೆ. ಸೊನ್ನೆ.
ಚಂದ್ರಿಕೆಯಲ್ಲಿ ಒತ್ತಾಗಿ ಕೂತ ಗೂಡುಗಳ ಹಾಗಿವೆ,
ಒಂದರಲ್ಲೂ ನೂಲಿಲ್ಲ.

ಇವತ್ತು ಹುಳುಮನೆಯಲ್ಲಿ ಸದ್ದಿಲ್ಲ.
ನಿನ್ನೆಯವರೆಗೂ ತಟ್ಟೆ ತಟ್ಟೆಯಲ್ಲಿ
ಸಾವಿರ ಜನ ಜಲ್ಲಿಯ ಮೇಲೆ ಓಟ ಕಿತ್ತ ಹಾಗಿತ್ತು.
ಈಗ ಒಂದೂ ಮೇಯುತ್ತಿಲ್ಲ. ತಲೆಯೆತ್ತಿ,
ಯಾರೋ ಹೆಸರು ಕೂಗಿದ್ದಕ್ಕೆ ಕಿವಿಗೊಟ್ಟ ಹಾಗೆ
ಎಲ್ಲವೂ ಇದ್ದಲ್ಲೇ ನಿಂತಿವೆ.
“ನಾಲ್ಕನೇ ಜ್ವರ. ಹಳೇ ತೊಗಲು ಬಿಡಬೇಕಲ್ಲ.
ಈಗ ಸೊಪ್ಪು ಹಾಕಿದ್ಯೋ, ಬೆಳೆ ಕೆಟ್ಟಂಗೇ. ಮುಟ್ಟಬೇಡ.”
ಮುನಿರತ್ನಮ್ಮ ಚಿಕ್ಕಮ್ಮ ತೆಳು ಬಟ್ಟೆಯಲ್ಲಿ ಸುಣ್ಣದ ಪುಡಿ ಕಟ್ಟಿ
ತಟ್ಟೆಗಳ ಮೇಲೆ ಮೆಲ್ಲಗೆ ಕುಟ್ಟಿ ಉದುರಿಸುತ್ತಾರೆ.

ಆ ವಾಸನೆ
ತಾಲ್ಲೂಕು ಮೈದಾನದಲ್ಲಿ ಗೆರೆ ಎಳೆದ ಬೆಳಗಿನದು.
ಹತ್ತು ಸಾವಿರ ಮೀಟರಿಗೆ ಇಪ್ಪತ್ತೈದು ಸುತ್ತು;
ಕೊನೆಯ ಸುತ್ತಿಗೆ ಗೆರೆ ನೆಲದಲ್ಲಿರುತ್ತಿರಲಿಲ್ಲ,
ನಮ್ಮ ಪಾದದಲ್ಲಿರುತ್ತಿತ್ತು.
ಕಣ್ಣು ಉರಿಯಿತು.
ಸುಣ್ಣ, ಅಂದೆ.

ಚಿಕ್ಕಮ್ಮ ನನ್ನ ಕಾಲನ್ನೇ ನೋಡಿದರು. ಏನೋ ಹೇಳಹೊರಟರು.
“ಬೇಡ ಚಿಕ್ಕಮ್ಮ, ನನ್ನ ಹುಳಕ್ಕೆ ಹೋಲಿಸಬೇಡಿ.
ಅದು ಒಂದು ದಿನಕ್ಕೆ ಏಳುತ್ತೆ. ನಂದು ನಲವತ್ತೆರಡು.”
“ಹೋಲಿಸ್ತಿಲ್ಲ ಕಣಮ್ಮ.
ಹಸೂಗೆ ತೌಡು ಬೇಕಿತ್ತು, ಕಾಲೆತ್ತು.”

ಹತ್ತೊಂಬತ್ತು ದಿನ ಯಾಕೆ ಸುಮ್ಮನಿದ್ದೆ?
ನೋವಿಗೆ ಹೆಸರಿಟ್ಟರೆ ಅದು ಮನೆಯವರಲ್ಲಿ ಒಬ್ಬರಾಗುತ್ತದೆ,
ಪಂಕ್ತಿಯಲ್ಲಿ ಎಲೆ ಹಾಕಬೇಕಾಗುತ್ತದೆ.
ಹಾಕಲಿಲ್ಲ. ಅದು ಅಡುಗೆಮನೆಗೇ ನುಗ್ಗಿತು.

ಐದನೇ ವಾರ ಮೇಲೂರಿನ ಡೈರಿಗೆ
ಹಾಲು ನಾನೇ ಒಯ್ಯುತ್ತೇನೆಂದು ಹಠ ಹಿಡಿದೆ.
ಇನ್ನೂರ ಹನ್ನೆರಡು ಹೆಜ್ಜೆ.
ಪ್ರತಿ ಬಲಹೆಜ್ಜೆಗೂ ಕೇಳಿದೆ: ಇದ್ದೀಯಾ?
ನೂರೈವತ್ತರ ಹತ್ತಿರ ಉತ್ತರ ಬಂತು, ಸಣ್ಣಗೆ,
ಪಕ್ಕದ ಮನೆಯ ರೇಡಿಯೋ ಹಾಗೆ.
ನಿಂತೆ.
ಇಷ್ಟು ವರ್ಷದಲ್ಲಿ ಕೇಳಿ ನಿಂತದ್ದು ಇದೇ ಮೊದಲು.
ನಂದಿಯ ಮೇಲೆ ಬೆಳಕು ಬಿದ್ದಿರಲಿಲ್ಲ. ಕ್ಯಾನು ಕೆಳಗಿಟ್ಟು
ಆ ಸದ್ದು ಕಮ್ಮಿಯಾಗುವವರೆಗೆ ಕಾದು, ಉಳಿದದ್ದು ನಡೆದೆ.

ಡೈರಿಯ ಸಾಲಿನಲ್ಲಿ ಹಿಂದಿನಿಂದ ಚೈನಿನ ಸದ್ದು.
ತಸ್ಲೀಮಾ ಒಬ್ಬಳೇ. ಅವಳ ಪಕ್ಕ ಯಾರೂ ಓಡುತ್ತಿರಲಿಲ್ಲ.
ಕೊರಳಲ್ಲಿ ವಾಚು ಹಾಗೇ ಇತ್ತು.
“ಎಷ್ಟಾಯ್ತಕ್ಕ?”
ಇನ್ನೂರ ಹನ್ನೆರಡು, ಅಂದೆ. ಹೆಜ್ಜೆ.
ಅವಳು ನಗಲಿಲ್ಲ. “ನಡುವೆ ನಿಂತ್ಯಾ?”
“ನಿಂತೆ.”
“ಅದನ್ನೂ ಬರ್ಕೋ.”

ರಾತ್ರಿ ಪುಸ್ತಕ ತೆಗೆದು ಬರೆದೆ:
ಡೈರಿವರೆಗೆ. ಒಂದು ಸಲ ನಿಂತು.
ಬರುವಾಗ ಕ್ಯಾರಿಯರ್ ಮೇಲೆ.