ಮೇಣದ ಮೇಲೆ

ಪಾತ್ರಾಸಿನಲ್ಲಿ ವಾರವೆಲ್ಲ ನಾನು
ಕೆಮ್ಮಿನ ಔಷಧಿ ಮಾರುವವನು.
ಭಾನುವಾರ ಮಾತ್ರ ಜಿಗಿತದ ಹಲಗೆಯ ಪಕ್ಕ
ಮಡಚುವ ಕುರ್ಚಿ, ತೊಡೆಯ ಮೇಲೆ ಎರಡು ಬಾವುಟ:
ಒಂದು ಬಿಳಿ, ಒಂದು ಕೆಂಪು.

ಹಾರುವವರ ಮುಖ ನೋಡಿದ್ದು ಕಡಿಮೆ.
ನನ್ನ ಪಾಲಿಗೆ ಎಲ್ಲರೂ ಒಂದೊಂದು ಬೂಟು,
ಹಲಗೆಯ ಅಂಚಿಗೆ ಮೆತ್ತಿದ ಮೇಣ,
ಅದರಲ್ಲಿ ಬಿದ್ದ ಗುರುತು, ಬೀಳದ ಗುರುತು.

ಮೆಲ್ಪೊಳನ್ನು ಮಾತ್ರ ಬಲ್ಲೆ,
ದೋಣಿಗೆ ಬಣ್ಣ ಬಳಿಯುವವನ ಮಗಳು.
ಚಳಿಯ ಬೆಳಗು, ನಾನು ಅಂಗಡಿ ತೆರೆಯುವ ಹೊತ್ತಿಗೆ
ಬಂದರಿನಿಂದ ಕೋಟೆಗೇರುವ ಮೆಟ್ಟಿಲನ್ನು
ಒಂಟಿಗಾಲಲ್ಲಿ ಕುಪ್ಪಳಿಸಿ ಏರುತ್ತಿದ್ದಳು.
ಕೆಳಗೆ ನಿಂತು ಅರ್ಗೀರಿಸ್ ಕೂಗುತ್ತಿದ್ದ:
"ಹಲಗೆ ನೋಡಬೇಡ ಹುಡುಗಿ, ಹಲಗೆ ನಿನ್ನನ್ನು ನೋಡಲಿ!
ಕೊನೆಯದರ ಹಿಂದಿನ ಹೆಜ್ಜೆ ಉದ್ದ, ಸೊಂಟ ತುಸು ಕೆಳಗೆ,
ಕೊನೆಯದು ಗಿಡ್ಡ, ಬಾಗಿಲು ಬಡಿದ ಹಾಗೆ!"

ಅವನೇ ಒಂದು ದಿನ ಅವಳ ಕೈಗಳಿಗೆ
ಹಿಡಿ ತೋಡಿದ ಎರಡು ಕಲ್ಲು ಕೊಟ್ಟ.
ಹಳಬರು ಹೀಗೇ ಹಾರಿದರಂತೆ,
ಭಾರ ಹಿಡಿದು ಹಗುರಾಗಿ,
ಪಕ್ಕದಲ್ಲೊಬ್ಬ ಜೋಡಿಕೊಳಲು ಊದುತ್ತಿರಲು.
ಎಷ್ಟು ದೂರ? ಅವಳು ಕೇಳಿದಳು.
ಹೂಜಿಯ ಮೇಲಿನ ಚಿತ್ರದಲ್ಲಿ ಅವರಿನ್ನೂ
ನೆಲ ಮುಟ್ಟಿಲ್ಲ, ಅಂದ.

ಮೇ ತಿಂಗಳ ಆ ಭಾನುವಾರ, ಐದನೆಯ ಸರದಿ.
ಹದಿನೆಂಟು ಹೆಜ್ಜೆ; ಎಣಿಸಿದ್ದು ನನ್ನ ಕಿವಿ.
ದಪ್!
ಆಮೇಲೆ ಸದ್ದಿಲ್ಲ.
ನಿಯಮ ಮರೆತು ತಲೆಯೆತ್ತಿದೆ:
ಗಾಳಿಯಲ್ಲೂ ಓಡುತ್ತಿದ್ದಳು
ಮೆಟ್ಟಿಲಿನ್ನೂ ಮುಗಿದಿಲ್ಲವೆಂಬಂತೆ.
ಮರಳು ಅವಳನ್ನು, ಎಲ್ಲರಿಗಿಂತ ಒಂದು ಮೊಳ ಆಚೆ,
ಬರಮಾಡಿಕೊಂಡಿತು.

ಕೆಳಗೆ ನೋಡಿದೆ.
ಮೇಣದಲ್ಲಿ ಉಗುರಂಚಿನಷ್ಟು ತಗ್ಗು.

ಕೂದಲೆಳೆ ಎಂಬುದು ಬರೀ ಮಾತು ಅಂದುಕೊಂಡಿದ್ದೆ;
ಅಂದು ಕನ್ನಡಕ ಒರೆಸಿ, ಮಂಡಿಯೂರಿ ಕಂಡೆ.
ಮಿಲಿಗ್ರಾಮು ತೂಗುವ ಕೈ ನನ್ನದು,
ತುಸು ಹೆಚ್ಚಾದರೂ ವಿಷವೆಂದು ಕಲಿತದ್ದು.
ಕೆಂಪು ಎತ್ತಿತು.

ಟೇಪು ಹಿಡಿದವರು ಕದಲಲಿಲ್ಲ.
ಕುಂಟೆಯ ಹುಡುಗ ಎರಡು ಸಲ ಎಳೆದ,
ಏನೂ ಆಗಿಲ್ಲವೆಂಬಂತೆ ಮಲಗಿತು ಮರಳು.

ಮೆಲ್ಪೊ ಜಗಳವಾಡಲಿಲ್ಲ. ಬಂದು, ಬಗ್ಗಿ, ನೋಡಿ
"ನನ್ನದೇ" ಅಂದಳು, ಕಳೆದ ಓಲೆ ಸಿಕ್ಕವಳ ಹಾಗೆ.
ಬೂಟಿನ ಮರಳು ಕೊಡವಿ ಆರನೆಯದಕ್ಕೆ ಹೋದಳು.
ಅದು ಸಾಧಾರಣ. ನಾಲ್ಕನೆಯ ಸ್ಥಾನ.

ಹಲಗೆಯಿಂದ ಕೆತ್ತಿ ತೆಗೆದ ಆ ಮೇಣ
ನನ್ನ ಅಂಗಡಿಯ ಮೂರನೆಯ ಖಾನೆಯಲ್ಲಿದೆ,
ಹಳೆಯ ತಕ್ಕಡಿಯ ಪುಟ್ಟ ತೂಕಗಳ ಜೊತೆ.
ಬೇಸಿಗೆಯಲ್ಲಿ ಮೆತ್ತಗಾಗಿ ಗುರುತು ಮಾಸೀತೆಂದು
ಇನ್ಸುಲಿನ್ ಇಡುವ ಫ್ರಿಜ್ಜಿಗೆ ಸಾಗಿಸುತ್ತೇನೆ.
ಹೆಂಡತಿ ಕೇಳುತ್ತಾಳೆ, ಇದೇನು?
ಔಷಧಿ, ಅನ್ನುತ್ತೇನೆ.
ಯಾರಿಗೆ, ಅಂದರೆ
ಗಿರಾಕಿ ಬಂದರು ಎಂದು ಏಳುತ್ತೇನೆ.