ಖಾಲಿ ಗಾಡಿಯ ತೂಕ

ಔಷಧಿ ಚೀಟಿಯ ಬೆನ್ನಿಗೆ ಬರೆದುಕೊಟ್ಟಿದ್ದರು
ವಾರ್ಡಿನ ಸಿಸ್ಟರ್ ದೇವಮ್ಮಣ್ಣಿ:
ಗುತ್ತಲು ರಸ್ತೆ, ಹಳೇ ಟೈಪಿಂಗ್ ಶಾಲೆಯ ಮಹಡಿ,
ಗುರುವಾರ ಸಂಜೆ. ಗಂಟೆಯ ಕೆಳಗೆ
ಎರಡು ಸಲ ಗೆರೆ.

ಹದಿನೇಳು ದಿನ ಆ ಚೀಟಿ
ಅಂಗಿಯಿಂದ ಅಂಗಿಗೆ ದಾಟಿತು,
ಒಂದು ಸಲ ಸೋಪಿನ ನೀರಿಗೂ ಹೋಗಿಬಂತು.
ಗುರುವಾರ ಉಳಿಯಿತು, ಗಂಟೆ ಅಳಿಸಿತು.
ಗೆರೆ ಹಾಗೇ ಇತ್ತು.

ಮಂಡ್ಯದಲ್ಲಿ ನನಗೆ ದಾರಿ ಗೊತ್ತಿಲ್ಲವೆಂದರೆ
ಯಾರೂ ನಂಬುವುದಿಲ್ಲ.
ನಾನು ದಾರಿ ಹೇಳುವುದೇ ಹಾಗೆ:
ಆ ವೈನ್ಸ್ ದಾಟಿ ಎಡಕ್ಕೆ,
ಈ ಬಾರಿನ ಎದುರು ಗಲ್ಲಿ,
ಬೆಳಗಿನ ಆರಕ್ಕೇ ಅರ್ಧ ಷಟರ್ ಎತ್ತುವ ಅಂಗಡಿಯ ಪಕ್ಕ
ಬ್ಯಾಂಕು, ಗಣಪತಿ ಗುಡಿ, ನನ್ನ ಮಗಳ ಶಾಲೆ.

ಆವತ್ತು ಮಾತ್ರ ಕೇಳಲು ಬಾಯಿ ಬರಲಿಲ್ಲ.
ಹೂ ಕಟ್ಟುವವಳ ಮುಂದೆ ನಿಂತು
ಟೈಪಿಂಗ್ ಶಾಲೆ ಎಲ್ಲಿ ಎಂದೆ.
"ಅದು ಮುಚ್ಚಿ ಎಷ್ಟ್ ವರ್ಸ ಆಯ್ತು ಕಣಣ್ಣ,
ಈಗ್ಯಾರ್ ಕಲೀತಾರೆ?"
ಮಗಳಿಗೆ, ಎಂದೆ.
ಕುಡಿಯದ ಮೂರನೇ ದಿನದ ಸುಳ್ಳು.
ಸರಾಗವಾಗಿ ಬಂತು, ಕುಡಿದಾಗ ಬರುತ್ತಿದ್ದ ಹಾಗೆಯೇ.

ಅವಳು ಮುಖ ನೋಡಲಿಲ್ಲ, ಕೈ ನೋಡಿದಳು.
ಗಾಳಿಯಿಲ್ಲದೆ ಅಲ್ಲಾಡುತ್ತಿತ್ತು ಚೀಟಿ.
ಮೊಳ ಅಳೆಯುತ್ತಿದ್ದ ತೋಳನ್ನೇ ಚಾಚಿ
"ಆ ನೀಲಿ ಗೇಟು. ಮೆಟ್ಲು ಕತ್ಲೆ,
ಗ್ವಾಡೆ ಇಡ್ಕಂಡ್ ಅತ್ತಣ್ಣ" ಅಂದಳು.
"ನಮ್ಮೆಜಮಾನ್ರೂ ಅಲ್ಲಿಗೇ ಓಗ್ತಿದ್ರು."
ಓಗ್ತಿದ್ರು ಅಂದದ್ದು ಯಾಕೆಂದು
ನಾನು ಕೇಳಲಿಲ್ಲ.

ಮೆಟ್ಟಿಲು ಹದಿನಾರು. ಏಳನೆಯದರಲ್ಲಿ ಕೂತುಬಿಟ್ಟೆ.
ಇಬ್ಬರು ನನ್ನನ್ನು ದಾಟಿ ಹತ್ತಿದರು.
ಮೊಣಕಾಲು ಸರಿಸಿ ದಾರಿ ಬಿಟ್ಟೆ.
ಕಾರ್ಖಾನೆ ಕಬ್ಬು ಅರೆಯುವ ಕಾಲ;
ಕಾಕಂಬಿಯ ವಾಸನೆ ಕಿಂಡಿಯಿಂದ ಇಳಿದು
ಹಳೇ ಗೆಳೆಯನ ಹಾಗೆ ಪಕ್ಕಕ್ಕೆ ಒತ್ತಿ ಕೂತಿತು.

ಇಪ್ಪತ್ತೆರಡು ವರ್ಷ
ವೇಬ್ರಿಡ್ಜಿನ ಕಿಟಕಿಯಲ್ಲಿ ಕೂತವನು ನಾನು.
ಗಾಡಿ ತುಂಬಿ ಒಳಗೆ ಬರುವಾಗ ಒಂದು ತೂಕ,
ಇಳಿಸಿ ಹೊರಗೆ ಹೋಗುವಾಗ ಒಂದು ತೂಕ,
ಕಳೆದರೆ ಉಳಿದದ್ದು ಕಬ್ಬು.
ರಾತ್ರಿ ರಾತ್ರಿ ತುಂಬಿಕೊಂಡು ಮನೆಗೆ ಹೋದ ಇವನನ್ನು
ಖಾಲಿ ಮಾಡಿ ಯಾರೂ ತೂಗಿರಲಿಲ್ಲ.
ತೂಗಿದರೆ ಮುಳ್ಳು ಅಲ್ಲಾಡುವುದೋ ಇಲ್ಲವೋ
ಎಂಬ ಭಯಕ್ಕೇ
ಮತ್ತೆ ತುಂಬಿಕೊಳ್ಳುತ್ತಿದ್ದೆ.

ಮೇಲೆ ಯಾರೋ ನಕ್ಕರು.
ಅಲ್ಲಿ ನಗು ಇದ್ದೀತೆಂದು ನಾನು ಎಣಿಸಿರಲಿಲ್ಲ.

ಬಾಗಿಲಲ್ಲಿ ಎಂಟೊಂಬತ್ತು ಜೊತೆ ಚಪ್ಪಲಿ,
ಒಂದು ಜೊತೆ ಪೊಲೀಸ್ ಬೂಟು,
ಹಿಮ್ಮಡಿ ಸವೆದ ಹೆಂಗಸಿನ ಹವಾಯಿ.
ಟೈಪ್‌ರೈಟರ್ ಕೂತಿದ್ದ ಮೇಜಿನ ಮೇಲೆ ಫ್ಲಾಸ್ಕು.
ಟೀ ಬಗ್ಗಿಸುತ್ತಿದ್ದವನು ತಲೆಯೆತ್ತಿದ.
ಬೋರಲಿಂಗ.

ಹನ್ನೊಂದು ವರ್ಷ ನನಗೆ ಸಪ್ಲೈ ಮಾಡಿದವನು.
ಮೂಲೆಯ ಟೇಬಲ್ಲು, ಒಂದು ಕ್ವಾರ್ಟರ್,
ಹುರಿದ ಕಡಲೆಬೀಜ, ನಿಂಬೆ ಹೋಳು ಎರಡು,
ನಾನು ಕೂರುವ ಮೊದಲೇ ತಂದಿಡುತ್ತಿದ್ದವನು;
ಕೊನೆಗೆ ಆಟೋಗೆ ಹತ್ತಿಸಿ
ನನ್ನ ಮನೆಯ ಅಡ್ರೆಸ್ಸನ್ನು ತಾನೇ ಹೇಳುತ್ತಿದ್ದವನು.
ಒಂದು ದಿನ ಕಾಣೆಯಾದ.
ಸತ್ತನೆಂದುಕೊಂಡೆ,
ಆ ದುಃಖಕ್ಕೂ ಒಂದು ಕುಡಿದೆ.

ಈಗ ಬಾ ಎನ್ನಲಿಲ್ಲ, ಯಾಕಿಷ್ಟು ತಡ ಎನ್ನಲಿಲ್ಲ.
ಹಳೇ ಕೆಲಸದ ಅದೇ ದನಿಯಲ್ಲಿ
"ಸಕ್ರೆ ಎಷ್ಟಾಕ್ಲಿ ಸಾ?"

ನನ್ನದೆಲ್ಲ ಗೊತ್ತಿದ್ದವನಿಗೆ ಅದೊಂದು ಗೊತ್ತಿರಲಿಲ್ಲ.
ಸಕ್ಕರೆ ಕಾರ್ಖಾನೆಯ ನನಗೂ.
ಬಾಯಿ ತೆರೆದುಕೊಂಡು ನಿಂತೆ.

ಅರ್ಧ ಚಮಚ ಹಾಕಿ ಕಲಕಿ
ಅರ್ಧ ಲೋಟ ಮಾತ್ರ ತುಂಬಿಸಿ ಕೊಟ್ಟ.
ಜಿಪುಣ, ಅಂದುಕೊಂಡೆ.
ಕೈ ನಡುಗಿದರೂ ಒಂದು ಹನಿ ಚೆಲ್ಲದಾಗ
ಯಾಕೆಂದು ತಿಳಿಯಿತು.

ಖಾಲಿ ಇದ್ದ ಕುರ್ಚಿ ಎಳೆದುಕೊಂಡು ಕೂತೆ.
ಪ್ಲಾಸ್ಟಿಕ್ಕಿನ ಕಾಲು
ಒಂದಿಷ್ಟು ಬಾಗಿತು.