ಹಿಂದ ಬಂದಾಕಿ

ಆಷಾಢದಾಗ ಬೆಳಗಾವಿ ಚರ್ಮಾ ಒಣಗಗೊಡೂದಿಲ್ಲ.
ಮೂರನೇ ಗೇಟಿನ ಬಾಜೂಕ ನನ್ನ ಅಂಗಡಿ,
ತಗಡಿನ ಮ್ಯಾಲ ಮಳಿ, ತಗಡಿನ ಕೆಳಗ ನಾನು,
ಮೂಲ್ಯಾಗ ಹಲಗಿ, ದಿಮ್ಮು, ಯಾರೋ ಬಿಟ್ಟುಹೋದ ತಬಲಾ,
ಎಲ್ಲಾ ನೆಗಡಿ ಹತ್ತಿದ ಕೂಸಿನಂಗ ಗೊರ ಗೊರ.

ರೇಲ್ವೆ ಗೇಟು ಬಿದ್ದಿತ್ತು. ಅದಕ್ಕ ನಿಂತರೋ,
ನನ್ನ ಬೋರ್ಡು ನೋಡಿ ನಿಂತರೋ,
ಒಂದು ಕೊಡಿ, ಇಬ್ಬರು, ಇಬ್ಬರಿಗೂ ಒಂದ ಮಾರಿ.
ಅವ ಟಾಯಿವೋ, ಆಕಿ ಕೆಹಿಂದೆ.
ನೈಜೀರಿಯಾದ ಅವಳಿ, ಇಲ್ಲಿ ಕಾಲೇಜಿನಾಗ ಎರಡನೇ ವರ್ಷ,
ಹಿಂದಿ ಅರ್ಧ, ಕನ್ನಡ ಕಾಲು, ಉಳಿದದ್ದು ಕೈ.

‘ಯಾರು ಹಿರೀರು?’ ಅಂದೆ, ಸುಮ್ಮನ, ಮಾತಿಗೆ.
‘ಮೊದಲ ಹುಟ್ಟಿದಾಂವ ಇವ,’ ಅಂದ್ಲು,
‘ಅದಕ್ಕ ಇವ ಸಣ್ಣಾಂವ.
ಜಗತ್ತಿನ ರುಚಿ ಹೆಂಗೈತಿ ನೋಡಿ ಬಾ ಅಂತ
ನಾನ ಇವನ್ನ ಮುಂದ ಅಟ್ಟಿದ್ದೆ.
ಇವ ಅತ್ತದ್ದು ಕೇಳಿ, ಅಡ್ಡಿಯಿಲ್ಲ ಅಂತ ಬಂದೆ.
ಹಿಂದ ಬಂದಾಕಿ, ಅದಕ್ಕ ದೊಡ್ಡಾಕಿ.
ನನ್ನ ಹೆಸರಿನ ಅರ್ಥಾನ ಅದು.’
ಕೆ-ಹಿಂದೆ. ಎರಡು ಸಲ ಅಂದು ನೋಡಿದೆ.
ನಮ್ಮ ಹಿಂದೆಯನ್ನ ಅಷ್ಟು ದೂರ ಯಾರು ಒಯ್ದು ಇಟ್ಟರು?

ಚೀಲದಿಂದ ತಗದರು: ಅಜ್ಜನ ಡೋಲು.
ನಡು ಸಣ್ಣ, ಎರಡೂ ಕಡೆ ಬಾಯಿ, ಸುತ್ತೆಲ್ಲಾ ಬಾರು.
ಒಂದು ಬಾಯಿ ಹರದಿತ್ತು.
ಇನ್ನೊಂದನ್ನ ಅವ ಬಗಲಾಗ ಹಿಚುಕಿ ಬಾರಿಸಿದ,
ಏರಿತು, ಇಳೀತು, ಥೇಟ್ ಮನಷಾ ಮಾತಾಡಿದಂಗ.
‘ಒಂದ ಶಬ್ದ,’ ಅಂದ್ಲು ಆಕಿ, ‘ಓಕೋ.
ಎತ್ತಿದರ ಗುದ್ದಲಿ, ಇಳಿಸಿದರ ಗಾಡಿ,
ನಡುವ ನಿಂತರ ಗಂಡ.’
ನಮ್ಮ ಕಡೆ ಗಂಡ ಅಂದರ ಮೂರೂ ಹೌದವ್ವಾ, ಅಂದೆ.
ಆಕಿ ನಕ್ಕಳು. ಅವ ಅದನ್ನೂ ಡೋಲಿನಾಗ ನಕ್ಕ.

ನಮ್ಮ ಆಯಿ ಹಿಂಗ ಚೌಡಕಿ ಬಗಲಿಗೆ ಒತ್ತಿ
ತಂತಿ ಜಗ್ಗಿ ಎಲ್ಲವ್ವನ್ನ ಕರೀತಿದ್ದಳು.
ಮೈ ಶಾಖ ಹತ್ತದ ಚರ್ಮಾ
ಸುದ್ದಿ ಹೇಳತೈತಿ, ಸತ್ಯಾ ಹೇಳೂದಿಲ್ಲ, ಅಂತಿದ್ದಳು.

ಕಸಾಯಿ ಗಲ್ಲಿಯಿಂದ ಆಡಿನ ಹಸಿ ತೊಗಲು ತಂದೆ.
ಮೂರು ದಿನ ಬಂದು ಕುಂತರು. ಮಿರ್ಚಿ ತಂದರು, ಚಾ ತಂದರು,
ಅವ ಲ್ಯಾಪ್‌ಟಾಪು ಮೊಳಕಾಲ ಮ್ಯಾಲ ಇಟಗೊಂಡು
ನನ್ನ ದಬ್ಬಣದ ಟಕ್, ಬಾರಿನ ಕಿರ್, ಗೇಟಿನ ಗಂಟಿ,
ಎಲ್ಲಾ ಕದ್ದು ತುಂಬಿಕೊಂಡ.
ಹಲಗಿ ಕಾಯಿಸಲಿಕ್ಕ ಕಾಗದ ಹಚ್ಚಿದೆ,
ಆಕಿ ಕೈ ಹಿಡದ್ಲು: ಬ್ಯಾಡ ಕಾಕಾ,
ಕಾಯೂಕಿಂತ ಮೊದಲಿನ ದನಿ ನಮಗ ಬೇಕು.
ನಲವತ್ತು ವರ್ಷದಾಗ ಅದನ್ನ ಯಾರೂ ಕೇಳಿದ್ದಿಲ್ಲ.
ನಾನೂ.

ಅಜ್ಜನ ಏಟಿಗೆ ಎಷ್ಟು ಜಾಗ, ಮಷೀನಿಗೆ ಎಷ್ಟು
ಅಂತ ಇಬ್ಬರೂ ಜಗಳಾಡಿದರು, ತಮ್ಮ ಭಾಷೆಯಾಗ, ಖಣ ಖಣ.
ಆಮ್ಯಾಲ ಅವ ಡೋಲು ಎತ್ತಿ
ಆಕಿ ಬೈದದ್ದನ್ನ ಹಂಗ ಬಾರಿಸಿದ, ಒಂದು ಏಟು ತಪ್ಪದಂಗ.
ಆಕಿ ಅದಕ್ಕ ಪದಾ ಹಾಡಿದ್ಲು.
ಜಗಳಾ ಎಲ್ಲಿ ಮುಗೀತು, ಹಾಡು ಎಲ್ಲಿ ಹತ್ತಿತು,
ನನಗ ಗೊತ್ತಾಗಲಿಲ್ಲ.
ನಾನೂ ಲಗಮಣ್ಣನೂ ಬರೇ ಬಾಯಿಲೆ ಜಗಳಾಡಿದಿವಿ.
ಅವನ ಕೈಯಾಗ ಸಂಬಾಳ ಇತ್ತು, ನನ್ನ ಕೈಯಾಗ ಹಲಗಿ.
ಅವನ್ನ ಕೆಳಗ ಇಟ್ಟು ಜಗಳಾಡಿದಿವಿ.
ಅವ ನಿಪ್ಪಾಣಿಯಾಗ ಬ್ಯಾಂಜೋ ಪಾರ್ಟಿ ಸೇರಿ ಎಂಟು ವರ್ಷ.

ಐವತ್ತು ರೂಪಾಯಿ ಬಾಕಿ ಇಟ್ಟು ಹೋದರು ಪೋರಗೋಳು.
ನಿನ್ನೆ ರಾತ್ರಿ ಫೋನಿಗೆ ಹಾಡು ಬಂತು,
ಕಾಲೇಜಿನ ಗ್ಯಾದರಿಂಗದಾಗ ಹಾಡಿದ್ದಂತ.
ಡೋಲು ಯಾರನ್ನೋ ಕರೀತದ, ವಂಶಾವಳಿ ಇರಬೇಕು,
ಆಕಿ ಓ ಅಂತಾಳ. ಕೆಳಗ ಮಷೀನು ಧಡ್ ಧಡ್,
ಅದರ ಸಂದಿನಾಗ ನನ್ನ ದಬ್ಬಣ, ನನ್ನ ಹಸಿ ಹಲಗಿ.
ನಡುವ ಒಂದು ಕೆಮ್ಮು. ನಂದ.
ತಗದಿಲ್ಲ ಅದನ್ನ.

ನಿಪ್ಪಾಣಿಗೆ ಕಳಿಸಿದೆ, ಏನೂ ಬರೀದ.
ಮುಂಜಾನೆಯಿಂದ ನೋಡೇನಿ, ಇನ್ನೂ ಒಂದ ಗೀಟು.
ಅಲ್ಲಿಯೂ ಮಳಿ ಇರಬೇಕು.
ಅವನ ಫೋನಿನ ಚರ್ಮಾನೂ ಸಡ್ಲಾಗಿರಬೇಕು.